ಕರಿ ಒಂದರ ಫ್ಯಾನು

ಬೆಂಗಳೂರಿನಿಂದ ಕೋಡಿಂಬಾಳದ ಹಂಚಿನ ಮನೆಗೆ ಇಳಿದುಬಂದ ಗೇಮಿಂಗ್ ಕಂಪ್ಯೂಟರ್ ಆಟಿ ತಿಂಗಳ ನಡುರಾತ್ರಿ ಗರಗರ ಎನ್ನತೊಡಗಿತು. ಒಳಗೆ ಐದು ಫ್ಯಾನು. ಕೆಟ್ಟದ್ದು ಯಾವುದು? ಉತ್ತರ ಸಿಕ್ಕಿದ್ದು ಪಂಪಿನ ಬೇರಿಂಗನ್ನೂ ತಾಳಮದ್ದಳೆಯ ಶ್ರುತಿಯನ್ನೂ ಕೇಳಿ ಪಳಗಿದ ಒಂದು ಕಿವಿಗೆ!

ಮಳೆ ಹನ್ನೊಂದು ಗಂಟೆಗೆ ಒಮ್ಮೆಲೇ ನಿಂತಿತು. ಸಂಜೆಯಿಂದ ಹಂಚಿನ ಮೇಲೆ ಹೊಯ್ಯುತ್ತಿದ್ದ ಸದ್ದು ಹೋದದ್ದೇ ತಡ, ಬೇರೆ ಸದ್ದುಗಳು ಎದ್ದು ಕೂತವು. ಮಾಡಿನಂಚಿನಿಂದ ಅಂಗಳಕ್ಕೆ ಬೀಳುವ ಹನಿ. ತೋಟದ ಕಣಿಯಲ್ಲಿ ಕಪ್ಪೆ. ಮತ್ತೆ ಉಪ್ಪರಿಗೆಯಿಂದ ಒಂದು ‘ಗರ್ರ್’.

ಅಕ್ಕ ಎದ್ದು ಕತ್ತಲಲ್ಲೇ ಅಡುಗೆಮನೆಗೆ ಹೋಗಿ ಫ್ರಿಜ್ಜಿಗೆ ಕಿವಿಕೊಟ್ಟು ಬಂದಳು. ‘ಫ್ರಿಜ್ಜಲ್ಲ. ಇದು ಇವನದ್ದೇ. ನಾಲ್ಕು ದಿನದಿಂದ ಜೋರು ಮಳೆ, ಹಾಗಾಗಿ ಗೊತ್ತಾಗ್ಲಿಲ್ಲ ಅಷ್ಟೆ’ ಎಂದಳು.

‘ಇವನು’ ಅಂದರೆ ಅಕ್ಕನ ಮಗ, ನನ್ನ ಅಳಿಯ. ಆಟಿ ಅಮಾವಾಸ್ಯೆಯ ಹಾಲೆ ಮರದ ಕಷಾಯ ಕುಡಿಯಲೆಂದು ಅಕ್ಕನ ಮನೆಗೆ ಹೋದವನು ನಾನು. ಕಷಾಯದ ಕಹಿ ಬಾಯಿಂದ ಹೋಗುವ ಮೊದಲೇ ಕಂಪ್ಯೂಟರಿನ ವ್ಯಾಜ್ಯಕ್ಕೆ ಪಂಚಾಯಿತಿದಾರನಾದೆ.

ಕಡಬದ ಮಗ್ಗುಲಿನ ಊರು ಕೋಡಿಂಬಾಳ. ಪುತ್ತೂರು, ಸುಳ್ಯ ತಾಲ್ಲೂಕುಗಳಿಂದ ಗ್ರಾಮಗಳನ್ನು ಬಿಡಿಸಿ ಕಡಬವನ್ನೇ ತಾಲ್ಲೂಕು ಮಾಡಿದ ಮೇಲೆ ಇಲ್ಲಿನವರಿಗೆ ಕಚೇರಿ ಹತ್ತಿರವಾಯಿತು. ಊರಿಗೆ ರೈಲು ನಿಲ್ದಾಣ ಇದೆ, ಸುತ್ತ ಅಡಿಕೆ ಇದೆ, ರಬ್ಬರ್ ಇದೆ. 2020ರ ಲಾಕ್‌ಡೌನ್‌ನಲ್ಲಿ ಇವಕ್ಕೆ ಇನ್ನೊಂದು ಬೆಳೆ ಸೇರಿತು: ಬೆಂಗಳೂರಿನಿಂದ ಲ್ಯಾಪ್‌ಟಾಪು, ಡೆಸ್ಕ್‌ಟಾಪುಗಳ ಸಮೇತ ಮರಳಿದ ಹುಡುಗರು. ಅವರಲ್ಲಿ ಕೆಲವರು ವಾಪಸ್ ಹೋದರು. ಅಳಿಯ ಹೋಗಲಿಲ್ಲ.

ಅವನ ಯಂತ್ರ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಒಂದೊಂದೇ ಭಾಗ ಆರಿಸಿ 2019ರಲ್ಲಿ ಜೋಡಿಸಿದ್ದು. ಶಿರಾಡಿ ಘಾಟಿ ಇಳಿಯುವಾಗ ಕಾರಿನ ಹಿಂದಿನ ಸೀಟಿನಲ್ಲಿ, ಸೀಟ್ ಬೆಲ್ಟ್ ಕಟ್ಟಿಕೊಂಡು, ಮದುಮಗಳಂತೆ ಕೂತು ಬಂದಿತ್ತಂತೆ. ಹಗಲು ಕಂಪನಿಯ ಕೆಲಸ, ರಾತ್ರಿ ಗೇಮು. ಆಡುವಾಗ ಅವನ ಕಿವಿಗೆ ಹೆಡ್‌ಫೋನು. ಗರಗರ ಕೇಳುವ ಭಾಗ್ಯ ಮನೆಯ ಉಳಿದವರದು.

ಸದ್ದಿಗೂ ಒಂದು ಶ್ರುತಿ

ಭಾವನಿಗೆ ಎರಡು ಹುಚ್ಚು: ನೀರಿನ ಪಂಪು ಮತ್ತು ತಾಳಮದ್ದಳೆ. ಪಂಪು ಕೆಟ್ಟರೆ ಮೆಕ್ಯಾನಿಕ್ಕಿಗೆ ಫೋನು ಮಾಡುವ ಮೊದಲು ಉದ್ದದ ಸ್ಕ್ರೂಡ್ರೈವರನ್ನು ಬೇರಿಂಗಿನ ಮನೆಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕೇಳುತ್ತಾರೆ. ಮಳೆಗಾಲದಲ್ಲಿ ಎಲ್ಲಿ ತಾಳಮದ್ದಳೆ ಇದ್ದರೂ ಕೊಡೆ ಹಿಡಿದು ಹೊರಡುತ್ತಾರೆ. ಆ ರಾತ್ರಿ ಉಪ್ಪರಿಗೆಗೆ ಹತ್ತಿದವರು ಕಂಪ್ಯೂಟರಿನ ಪಕ್ಕ ಎರಡು ನಿಮಿಷ ಸುಮ್ಮನೆ ನಿಂತರು.

‘ಗರಗರ ಮೇಲಿನದ್ದು ಮಾರಾಯ. ಅದರ ಅಡಿಯಲ್ಲಿ ಒಂದು ಊಂಕಾರ ಉಂಟು ನೋಡು. ಕರಿ ಒಂದು.’

ಅಳಿಯ ನಕ್ಕ. ಭಾವ ಕೆಳಗಿಳಿದು ಶ್ರುತಿಪೆಟ್ಟಿಗೆ ತಂದು ಕರಿ ಒಂದಕ್ಕೆ, ಅಂದರೆ ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆಯ ಸ್ವರಕ್ಕೆ, ಇಟ್ಟರು. ಎರಡೂ ಒಂದಕ್ಕೊಂದು ಅಂಟಿಕೊಂಡಂತೆ ಕೇಳಿದವು. ಅಳಿಯನ ನಗು ನಿಂತಿತು.

ಇದರಲ್ಲಿ ಪವಾಡ ಏನೂ ಇಲ್ಲ, ಬರೀ ಲೆಕ್ಕ. ಫ್ಯಾನಿನ ಪ್ರತಿಯೊಂದು ಎಸಳೂ ಚೌಕಟ್ಟಿನ ಕಡ್ಡಿಯ ಮುಂದೆ ಹಾದುಹೋಗುವಾಗ ಗಾಳಿಗೆ ಒಂದು ಪೆಟ್ಟು ಬೀಳುತ್ತದೆ. ಸೆಕೆಂಡಿಗೆ ಎಷ್ಟು ಸುತ್ತೋ ಅದನ್ನು ಎಸಳಿನ ಸಂಖ್ಯೆಯಿಂದ ಗುಣಿಸಿದರೆ ಸಿಗುವುದೇ ಆ ಊಂಕಾರದ ಕಂಪನಾಂಕ. ಕಂಪ್ಯೂಟರಿನ ಪರದೆಯಲ್ಲಿ ಫ್ಯಾನುಗಳ ವೇಗ ತೋರಿಸುವ ಕಿಟಕಿ ತೆರೆದೆವು. ಪ್ರೊಸೆಸರಿನದು ನಿಮಿಷಕ್ಕೆ 1620 ಸುತ್ತು, ಮುಂದಿನದು 900, ಹಿಂದಿನದು 1190. ಹಿಂದಿನ ಫ್ಯಾನಿಗೆ ಎಸಳು ಏಳು. 1190ನ್ನು 60ರಿಂದ ಭಾಗಿಸಿ ಏಳರಿಂದ ಗುಣಿಸಿದರೆ 138.8. ಹಾರ್ಮೋನಿಯಮ್ಮಿನ ಕೆಳಗಿನ ಸ್ಥಾಯಿಯ ಕರಿ ಒಂದು 138.6 ಹರ್ಟ್ಸ್.

ಭಾವ ಲೆಕ್ಕ ನೋಡಲು ನಿಲ್ಲಲಿಲ್ಲ. ನೀರಾವರಿ ಪೈಪಿನ ಒಂದು ತುಂಡು ತಂದು, ಒಂದು ತುದಿ ಕಿವಿಗೆ, ಇನ್ನೊಂದು ತುದಿ ಹಿಂದಿನ ಫ್ಯಾನಿನ ನಡುಗುಂಡಿನ ಹತ್ತಿರ. ‘ಇದುವೇ. ಬುಷ್ ಸವೆದಿದೆ.’

> ಸಂಖ್ಯೆಯಲ್ಲಿ ಸದ್ದು
> ಫ್ಯಾನಿನ ವೇಗ ಅರ್ಧಕ್ಕೆ ಇಳಿಸಿದರೆ ಗಾಳಿಯೂ ಅರ್ಧಕ್ಕೆ ಇಳಿಯುತ್ತದೆ. ತಿನ್ನುವ ವಿದ್ಯುತ್ತು ಎಂಟರಲ್ಲಿ ಒಂದು ಪಾಲಾಗುತ್ತದೆ. ಸದ್ದು ಸುಮಾರು 15 ಡೆಸಿಬಲ್ ತಗ್ಗುತ್ತದೆ.
> ಸದ್ದು 10 ಡೆಸಿಬಲ್ ಏರಿದರೆ ಕಿವಿಗೆ ಹೆಚ್ಚುಕಡಿಮೆ ಎರಡು ಪಟ್ಟು ಜೋರು. ಒಂದೇ ಬಗೆಯ ಎರಡು ಫ್ಯಾನು ಒಟ್ಟಿಗೆ ತಿರುಗಿದರೆ ಏರುವುದು ಬರೀ 3 ಡೆಸಿಬಲ್. ಅಂದರೆ ಒಂದು ಫ್ಯಾನು ಓಡುವುದಕ್ಕಿಂತ ಎರಡು ನಡೆಯುವುದು ಮೇಲು.
> ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಕಾನೂನಿನ ಮಿತಿ 45 ಡೆಸಿಬಲ್. ಇದು 2000ದ ಶಬ್ದಮಾಲಿನ್ಯ ನಿಯಮ. ಆಟಿಯ ಕಪ್ಪೆಗಳಿಗೆ ಇದು ತಲುಪಿಲ್ಲ.

ಪೆಟ್ಟಿಗೆಯೊಳಗಿನ ಜೀವಜಾಲ

ಬೆಳಿಗ್ಗೆ ಪ್ಲಗ್ ತೆಗೆದು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನೂ ಖಾಲಿ ಮಾಡಿ, ಪಕ್ಕದ ತಗಡು ಬಿಚ್ಚಿದೆವು. ಒಳಗೆ ಕಂಡದ್ದನ್ನು ಹೇಳದೆ ಮುಂದೆ ಹೋಗಲಾರೆ.

ಮೂಲೆಯಲ್ಲಿ ಜೇಡನ ಬಲೆ. ತಳದಲ್ಲಿ ಒಡೆದ ಎರಡು ಹಲ್ಲಿಮೊಟ್ಟೆ. ಅದರ ಸುತ್ತ ಒಣಗಿದ ಸಣ್ಣ ಕಪ್ಪು ಹುಳಗಳು, ಒಂದು ಹಿಡಿ. ರಬ್ಬರ್ ತೋಟದ ಬಳಿ ಮನೆ ಇದ್ದವರಿಗೆ ಈ ಹುಳದ ಪರಿಚಯ ಬೇಡ. ಕೇರಳದವರ ಬಾಯಲ್ಲಿ ಮುಪ್ಲಿ ವಂಡು, ವಿಜ್ಞಾನಿಗಳ ಕಡತದಲ್ಲಿ ಲುಪ್ರಾಪ್ಸ್ ಟ್ರಿಸ್ಟಿಸ್. ಬೇಸಿಗೆಯಲ್ಲಿ ರಬ್ಬರಿನ ತರಗೆಲೆ ತಿಂದು ಬೆಳೆಯುತ್ತದೆ. ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತಿ, ಸಾವಿರಗಟ್ಟಲೆ ಮನೆಗೆ ನುಗ್ಗಿ, ಮಾಡಿನ ಸಂದಿಯಲ್ಲಿ ತಿಂಗಳುಗಟ್ಟಲೆ ಬಿದ್ದುಕೊಳ್ಳುತ್ತದೆ. ಬಣ್ಣಬಣ್ಣದ ದೀಪ ಉರಿಯುವ, ಬೆಚ್ಚಗಿನ, ಕತ್ತಲ ಸಂದಿಗಳ ಗೇಮಿಂಗ್ ಪೆಟ್ಟಿಗೆಗಿಂತ ಒಳ್ಳೆಯ ಛತ್ರ ಅದಕ್ಕೆ ಎಲ್ಲಿ ಸಿಗಬೇಕು?

  

ಬೆಂಗಳೂರಿನ ಧೂಳು ಒಣಧೂಳು, ಊದಿದರೆ ಹಾರುತ್ತದೆ. ಇಲ್ಲಿನದು ಹಾಗಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ ಗಾಳಿಯೇ ಒದ್ದೆ. ಅದಕ್ಕೆ ಬಚ್ಚಲ ಒಲೆಯ ಮಸಿ, ರಬ್ಬರ್ ಶೀಟಿನ ಹೊಗೆಮನೆಯ ಹೊಗೆ, ಪಕ್ಕಾಸಿನಿಂದ ಉದುರುವ ಕುಟ್ಟೆಪುಡಿ ಎಲ್ಲ ಸೇರಿ ಪ್ರೊಸೆಸರಿನ ಮೇಲಿನ ಅಲ್ಯೂಮಿನಿಯಂ ಪದರಗಳ ನಡುವೆ ಕಂಬಳಿಯಂತೆ ಹೆಣೆದುಕೊಂಡಿತ್ತು.

ಗರಗರದ ಬೇರು ಈ ಕಂಬಳಿಯಲ್ಲೇ ಇದೆ. ಗಾಳಿಯ ದಾರಿ ಕಟ್ಟಿದರೆ ಬಿಸಿ ಏರುತ್ತದೆ. ಬಿಸಿ ಏರಿದರೆ ಮದರ್‌ಬೋರ್ಡ್ ಫ್ಯಾನನ್ನು ಜೋರಾಗಿ ಓಡಿಸುತ್ತದೆ. ಹಿಂದಿನ ಫ್ಯಾನಿನ ಕೆಲಸವೇ ಒಳಗಿನ ಬಿಸಿಗಾಳಿಯನ್ನು ಹೊರಗೆ ದಬ್ಬುವುದು. ವರ್ಷಗಟ್ಟಲೆ ಆ ಬಿಸಿ ತಾಗಿ ತಾಗಿ ಅದರ ಬುಷ್‌ನ ಎಣ್ಣೆ ಆರುತ್ತದೆ. ಎಣ್ಣೆ ಆರಿದ ಮೇಲೆ ಲೋಹಕ್ಕೆ ಲೋಹ.

ಧೂಳು ತೆಗೆಯಲು ಭಾವ ತೋಟದ ಬ್ಲೋವರ್ ತರಲು ಹೊರಟರು, ಅಳಿಯ ಕೈ ಹಿಡಿದು ನಿಲ್ಲಿಸಿದ. ಪೈಂಟಿಂಗ್ ಬ್ರಷ್, ಸಣ್ಣ ಕೈಬ್ಲೋವರ್ ಸಾಕು. ಊದುವಾಗ ಫ್ಯಾನಿನ ಎಸಳನ್ನು ಬೆರಳಲ್ಲಿ ಒತ್ತಿ ಹಿಡಿಯಬೇಕು. ಬಿಟ್ಟರೆ ಅದು ತನ್ನ ಮಿತಿ ಮೀರಿ ಗಿರ್ರನೆ ತಿರುಗಿ ಇದ್ದ ಬೇರಿಂಗೂ ಹಾಳು.

> ಇದನ್ನು ಬಿಚ್ಚಬೇಡಿ
> ಪವರ್ ಸಪ್ಲೈ ಪೆಟ್ಟಿಗೆಯೊಳಗೂ ಒಂದು ಫ್ಯಾನು ಇರುತ್ತದೆ. ಸದ್ದು ಅಲ್ಲಿಂದ ಬಂದರೆ ಮನೆಯಲ್ಲಿ ಬಿಚ್ಚುವ ಕೆಲಸ ಬೇಡ. 230 ವೋಲ್ಟ್ ಒಳಬರುವ ಜಾಗ ಅದು. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ಉಳಿದ ಫ್ಯಾನುಗಳಿಗೆ ಬರುವುದು 12 ವೋಲ್ಟ್ ಮಾತ್ರ.

ಎಣ್ಣೆಯ ಜಗಳ

‘ಒಂದು ಬಿಂದು ತೆಂಗಿನೆಣ್ಣೆ ಬಿಟ್ಟರೆ ಮುಗಿಯಿತು’ ಎಂದಳು ಅಕ್ಕ. ಇಲ್ಲಿ ಬಾಗಿಲ ತಿರುಗಣೆಯಿಂದ ತಲೆನೋವಿನವರೆಗೆ ತೆಂಗಿನೆಣ್ಣೆ ಕಾಣದ ಕಾಯಿಲೆ ಇಲ್ಲ. ಆದರೆ ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರಿನ ಬೆಳಿಗ್ಗೆ ಬಾಟಲಿ ಬಿಸಿಲಿಗಿಟ್ಟವರಿಗೆ ಇದು ಗೊತ್ತು. ಚಳಿಗೆ ಫ್ಯಾನು ಏಳುವುದೇ ಇಲ್ಲ, ಏಳದ ಫ್ಯಾನಿಗಿಂತ ಗರಗರ ಎನ್ನುವ ಫ್ಯಾನೇ ವಾಸಿ. ಬಿಸಿಗೆ ದಿನ ಹೋದಂತೆ ಆ ಎಣ್ಣೆ ಅಂಟಂಟೂ ಆಗುತ್ತದೆ.

ಭಾವನ ಸಲಹೆ ಹೊಲಿಗೆ ಯಂತ್ರದ ಎಣ್ಣೆ. ಇದರಲ್ಲಿ ಹುರುಳಿದೆ. ಫ್ಯಾನು ಕಳಚಿ, ಹಿಂಬದಿಯ ಸ್ಟಿಕ್ಕರ್ ಅರ್ಧ ಎಬ್ಬಿಸಿ ಎರಡು ಹನಿ ಬಿಟ್ಟು ಪುನಃ ಕೂರಿಸಿದೆವು. ಮೂರು ರಾತ್ರಿ ಮನೆಯವರೆಲ್ಲ ನಿದ್ದೆ ಮಾಡಿದರು. ನಾಲ್ಕನೆಯ ರಾತ್ರಿ ಗರಗರ ಮರಳಿತು, ಬಡ್ಡಿ ಸಮೇತ. ಸವೆದ ಬುಷ್‌ಗೆ ಎಣ್ಣೆ ಹಾಕುವುದು ಒಡೆದ ಹಂಚಿನ ಕೆಳಗೆ ಚೆಂಬು ಇಟ್ಟ ಹಾಗೆ.

ಅಗ್ಗದ ಫ್ಯಾನಿನಲ್ಲಿ ಇರುವುದು ಎಣ್ಣೆ ಹೀರಿಸಿದ ಕಂಚಿನ ಒಂದು ಬಳೆ. ಅದರೊಳಗೆ ಉಕ್ಕಿನ ಕಡ್ಡಿ ತಿರುಗುತ್ತದೆ. ಹೊಸದರಲ್ಲಿ ಬಹಳ ಮೆತ್ತಗೆ, ಹಳತಾದಂತೆ ಗೊಣಗಾಟ. ಬಾಲ್ ಬೇರಿಂಗಿನದು ಗಟ್ಟಿ ಆಯುಸ್ಸು, ಆದರೆ ಹುಟ್ಟಿನಿಂದಲೇ ಸಣ್ಣ ಸದ್ದು. ಮೂರನೆಯದು ಫ್ಲೂಯಿಡ್ ಡೈನಾಮಿಕ್ ಬೇರಿಂಗ್. ಅದರ ಮೇಲ್ಮೈಯಲ್ಲಿ ಮೀನಿನ ಮುಳ್ಳಿನಂತೆ ಗೀರುಗಳಿರುತ್ತವೆ. ತಿರುಗುವಾಗ ಆ ಗೀರುಗಳು ಎಣ್ಣೆಯನ್ನು ನಡುವಿಗೆ ಎಳೆದು ಒತ್ತಡ ಕಟ್ಟುತ್ತವೆ, ಕಡ್ಡಿ ಲೋಹಕ್ಕೆ ತಾಗದೆ ಎಣ್ಣೆಯಲ್ಲೇ ತೇಲುತ್ತದೆ. ಆಯುಸ್ಸೂ ಉಂಟು, ಮೌನವೂ ಉಂಟು. ನನ್ನನ್ನು ಕೇಳಿದರೆ ಬಣ್ಣದ ದೀಪಕ್ಕೆ ಕೊಡುವ ದುಡ್ಡನ್ನು ಈ ಬೇರಿಂಗಿಗೆ ಕೊಡಿ ಎನ್ನುತ್ತೇನೆ. ಅಳಿಯನಿಗೆ ದೀಪವೂ ಬೇಕಿತ್ತು, ಅದು ವಯಸ್ಸು.

> ಫ್ಯಾನ್ ಬೇಡವೆಂದವರು, ಅತಿಯಾಯಿತೆಂದವರು
> 1980ರಲ್ಲಿ ಬಂದ ಆಪಲ್ 3 ಕಂಪ್ಯೂಟರಿಗೆ ಫ್ಯಾನೇ ಇರಲಿಲ್ಲ. ಸದ್ದು ಬೇಡ ಎಂಬುದು ಸ್ಟೀವ್ ಜಾಬ್ಸ್ ಹಟ. ಬಿಸಿಗೆ ಚಿಪ್ಪುಗಳು ಸಾಕೆಟ್ಟಿನಿಂದ ಸಡಿಲಾಗಿ ಯಂತ್ರ ಕೈಕೊಟ್ಟಿತು. ಕೆಲವು ಇಂಚು ಎತ್ತಿ ಮೇಜಿನ ಮೇಲೆ ಬೀಳಿಸಿ ನೋಡಿ ಎಂಬುದು ಆಗ ಬಳಕೆದಾರರಿಗೆ ಸಿಕ್ಕ ಪರಿಹಾರ.
> 2003ರ ಜೀಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ ಗ್ರಾಫಿಕ್ಸ್ ಕಾರ್ಡಿನ ಫ್ಯಾನು ಎಷ್ಟು ಕೂಗುತ್ತಿತ್ತೆಂದರೆ ಅದಕ್ಕೆ ‘ಡಸ್ಟ್‌ಬಸ್ಟರ್’ ಎಂದೇ ಅಡ್ಡಹೆಸರು ಬಿತ್ತು. ಅದನ್ನು ತರಗೆಲೆ ಊದುವ ಯಂತ್ರವಾಗಿ ತೋರಿಸಿ ಎನ್‌ವಿಡಿಯಾ ಕಂಪನಿಯೇ ತಮಾಷೆಯ ವಿಡಿಯೊ ಮಾಡಿತು.
> 1981ರ ಐಬಿಎಂ ಪಿಸಿಯ ಇಡೀ ಪವರ್ ಸಪ್ಲೈ 63.5 ವಾಟ್. 2025ರ ಆರ್‌ಟಿಎಕ್ಸ್ 5090 ಗ್ರಾಫಿಕ್ಸ್ ಕಾರ್ಡ್ ಒಂದೇ 575 ವಾಟ್, ಮುಕ್ಕಾಲು ಎಚ್‌.ಪಿ. ಪಂಪಿಗಿಂತ ತುಸು ಹೆಚ್ಚು.

ಹತ್ತೂವರೆ ಸೆಂಟಿಮೀಟರಿನ ಬಲೆ

ಹೊಸ ಫ್ಯಾನು ತರಿಸುವ ದಿನ ಭಾವ ಅಕ್ಕನ ಹೊಲಿಗೆ ಟೇಪು ಹಿಡಿದು ಸ್ಕ್ರೂ ತೂತಿನಿಂದ ತೂತಿಗೆ ಅಳೆದು, ಕ್ಯಾಲೆಂಡರಿನ ಮೇಲೆ ‘10.5 ಸೆಂ.ಮೀ.’ ಎಂದು ಬರೆದಿಟ್ಟರು. ಅನೇಕರು ಬೀಳುವ ಬಲೆ ಇದು. ಫ್ಯಾನಿನ ಅಳತೆ ಹೇಳುವುದು ಚೌಕಟ್ಟಿನ ಅಂಚಿನಿಂದ ಅಂಚಿಗೆ. ತೂತುಗಳ ನಡುವೆ 105 ಮಿಲಿಮೀಟರ್ ಇದ್ದರೆ ಅದು 120ರ ಫ್ಯಾನು. 124.5 ಇದ್ದರೆ 140ರದು, 82.5 ಇದ್ದರೆ 92ರದು. ದಪ್ಪ ಸಾಮಾನ್ಯವಾಗಿ 25 ಮಿಲಿಮೀಟರ್.

ಆಮೇಲೆ ವಯರಿನ ತುದಿ. ಮೂರು ಪಿನ್ನಿನದರಲ್ಲಿ ಒಂದು ನೆಲ, ಒಂದು 12 ವೋಲ್ಟ್, ಒಂದು ಸುತ್ತು ಎಣಿಸಿ ವರದಿ ಒಪ್ಪಿಸುವ ಶಾನುಭಾಗ. ನಾಲ್ಕನೆಯ ಪಿನ್ನು ಇದ್ದರೆ ಅದು ವೇಗದ ಲಗಾಮು. ಆ ಲಗಾಮಿನಲ್ಲಿ ಹರಿಯುವ ಸಂಕೇತ ಸೆಕೆಂಡಿಗೆ 25 ಸಾವಿರ ಸಲ ಮಿಡಿಯುತ್ತದೆ. ಮನುಷ್ಯನ ಕಿವಿ ಕೇಳುವುದು 20 ಸಾವಿರದವರೆಗೆ, ಅದೂ ಎಳೆಯ ಕಿವಿ. ಲಗಾಮಿನ ಸದ್ದೇ ಕೇಳಬಾರದೆಂದು ಬೇಕೆಂದೇ ಆರಿಸಿದ ಸಂಖ್ಯೆ ಅದು. ನಮ್ಮ ಮದರ್‌ಬೋರ್ಡಿನಲ್ಲಿ ನಾಲ್ಕು ಪಿನ್ನಿನ ಜಾಗ ಇತ್ತು, ಹಳೆಯ ಫ್ಯಾನು ಮೂರರದ್ದು. ನಾಲ್ಕರದನ್ನೇ ತರಿಸಿದೆವು.

ಕೋಡಿಂಬಾಳಕ್ಕೆ ಪಾರ್ಸೆಲು ಬರುವ ಕ್ರಮವೇ ಬೇರೆ. ಆರನೆಯ ದಿನ ಒಂದು ಫೋನು ಬರುತ್ತದೆ: ‘ಮನೆ ಎಲ್ಲಿ ಆಯ್ತು? ಮಳೆ ಜೋರುಂಟು, ಕಡಬದಲ್ಲೇ ಇದ್ದೇನೆ, ಬರ್ತೀರಾ?’ ಅಳಿಯ ರೈನ್‌ಕೋಟಿನ ಒಳಗೆ ಡಬ್ಬ ಅವಚಿಕೊಂಡು ಬಂದ.

ಊದುಬತ್ತಿಯ ತೀರ್ಪು

ಬದಲಿಸುವ ಕೆಲಸ ಹತ್ತು ನಿಮಿಷದ್ದು. ಹೊರಗಿನಿಂದ ನಾಲ್ಕು ಸ್ಕ್ರೂ ಬಿಚ್ಚು, ವಯರು ಎಳೆ, ಹೊಸದು ಕೂರಿಸು. ಸ್ಕ್ರೂಗಳು ಪ್ಲಾಸ್ಟಿಕ್ಕಿನಲ್ಲಿ ತಾವೇ ಮರೆ ಕೊರೆದುಕೊಳ್ಳುವ ಜಾತಿಯವು, ಮೊದಲ ಸಲ ಸ್ವಲ್ಪ ಒತ್ತಬೇಕು. ಭಾವ ಹಳೆಯ ಸೈಕಲ್ ಟ್ಯೂಬಿನಿಂದ ನಾಲ್ಕು ಚೂರು ಕತ್ತರಿಸಿ ಫ್ಯಾನು ಮತ್ತು ತಗಡಿನ ನಡುವೆ ಇಟ್ಟರು. ನಡುಕ ತಗಡಿಗೆ ಹೋಗಬಾರದು ಎಂಬ ಉಪಾಯ. ಕಂಪನಿಯವರು ಇದನ್ನೇ ಚಂದದ ರಬ್ಬರ್ ಪಿನ್ನು ಮಾಡಿ ಮಾರುತ್ತಾರೆ.

ಸ್ವಿಚ್ ಹಾಕಿದೆವು. ಸದ್ದೇ ಇಲ್ಲ. ಅಕ್ಕ ಕೆಳಗಿನಿಂದ ‘ಹೋಯ್ತಾ ಕರೆಂಟು?’ ಎಂದು ಕೇಳಿದಳು.

ಅರ್ಧ ಗಂಟೆ ಗೇಮು ಆಡಿದ ಮೇಲೆ ಅಳಿಯನ ಮುಖ ಸಣ್ಣದಾಯಿತು. ಒಳಗಿನ ಬಿಸಿ ಮೊದಲಿಗಿಂತ ಎಂಟು ಡಿಗ್ರಿ ಮೇಲೆ. ‘ಹಾಳು ಮಾಲು ಕೊಟ್ಟರು ಮಾವ’ ಎಂದ. ಅಕ್ಕ ದೇವರ ಕೋಣೆಯಿಂದ ಒಂದು ಊದುಬತ್ತಿ ಹಚ್ಚಿ ತಂದು ಕಂಪ್ಯೂಟರಿನ ಹಿಂದೆ ಹಿಡಿದಳು. ಅದು ದೃಷ್ಟಿ ತೆಗೆಯಲಿಕ್ಕೋ ಪರೀಕ್ಷೆಗೋ ಇವತ್ತಿಗೂ ಹೇಳಿಲ್ಲ. ಹೊಗೆ ಹೊರಗೆ ತೇಲುವ ಬದಲು ಗೆರೆಯಂತೆ ಪೆಟ್ಟಿಗೆಯೊಳಗೆ ಹೋಯಿತು.

ಫ್ಯಾನು ತಿರುವುಮುರುವು! ಕಡ್ಡಿಗಳೂ ಸ್ಟಿಕ್ಕರೂ ಇರುವ ಬದಿಗೆ ಗಾಳಿ ಹೊರಡುತ್ತದೆ. ಆ ಬದಿ ಹೊರಗಿರಬೇಕಿತ್ತು, ಒಳಗಿತ್ತು. ಮುಂದಿನ ಫ್ಯಾನು ಒಳಗೆ ಊದುತ್ತಿದೆ, ಹಿಂದಿನದೂ ಒಳಗೇ ಊದುತ್ತಿದೆ, ಬಿಸಿಗಾಳಿ ನಡುವೆ ಸಿಕ್ಕಿ ಒದ್ದಾಡುತ್ತಿದೆ. ಪುನಃ ನಾಲ್ಕು ಸ್ಕ್ರೂ.

ಇನ್ನೂ ಒಂದು ಬಾಕಿ ಇತ್ತು. ಮದರ್‌ಬೋರ್ಡಿನ ಸೆಟ್ಟಿಂಗಿನಲ್ಲಿ ಯಾವ ಬಿಸಿಗೆ ಎಷ್ಟು ವೇಗ ಎಂದು ಹೇಳಿಕೊಡಬೇಕು. ಹೇಳದಿದ್ದರೆ ಒಂದು ಫೈಲು ತೆರೆದರೂ ಫ್ಯಾನು ಬೆಚ್ಚಿಬಿದ್ದು ಓಡುತ್ತದೆ. ಐವತ್ತು ಡಿಗ್ರಿವರೆಗೆ ನಿಧಾನ, ಎಪ್ಪತ್ತಕ್ಕೆ ಮುಕ್ಕಾಲು, ಏರಿಳಿಯುವ ಮುಂಚೆ ಕೆಲವು ಸೆಕೆಂಡು ತಾಳ್ಮೆ ಎಂದು ಅಳಿಯ ಬರೆದ. ಹಿಂದಿನದು 700 ಸುತ್ತಿಗೆ ನಿಂತಿತು.

ಆಗ ಹುಟ್ಟಿತು ಹೊಸ ಸದ್ದು. ಊಂ... ಊಂ... ಎಂದು ಉಯ್ಯಾಲೆಯಂತೆ ಏರಿಳಿಯುವ ಅಲೆ. ಗರಗರಕ್ಕಿಂತ ಮೆತ್ತಗೆ, ಆದರೆ ಒಮ್ಮೆ ಕಿವಿ ಹಿಡಿದರೆ ಬಿಡದು. ಭಾವ ಕಣ್ಣು ಮುಚ್ಚಿ ತಲೆಯಾಡಿಸಿದರು. ‘ತಂಬೂರಿಯ ಎರಡು ತಂತಿ ಸರಿ ಸೇರದಿದ್ದರೆ ಹೀಗೇ. ಒಂದನ್ನು ಇಳಿಸು.’

ಲೆಕ್ಕ ಮತ್ತೆ ಅವರ ಪಕ್ಷ. ಹೊಸ ಫ್ಯಾನಿಗೆ ಎಸಳು ಒಂಬತ್ತು, 700 ಸುತ್ತಿಗೆ 105 ಹರ್ಟ್ಸ್. ಮುಂದಿನದಕ್ಕೆ ಏಳು, 900 ಸುತ್ತಿಗೆ ಅದೂ 105 ಹರ್ಟ್ಸ್. ವೇಗ ನಾಲ್ಕೈದು ಸುತ್ತು ಆಚೀಚೆ ಆದಾಗಲೆಲ್ಲ ಎರಡು ಸ್ವರಗಳು ಒಂದನ್ನೊಂದು ತಬ್ಬಿ, ಬಿಟ್ಟು, ತಬ್ಬಿ ಅಲೆ ಎಬ್ಬಿಸುತ್ತಿದ್ದವು. ಮುಂದಿನದನ್ನು 800ಕ್ಕೆ ಇಳಿಸಿದ ಕೂಡಲೇ ಅಲೆ ಅಡಗಿತು. ಬಿಸಿ ಏರಿದ್ದು ಒಂದೇ ಡಿಗ್ರಿ.

ಮರುದಿನ ಸಂಜೆ ಹೊರಡುವ ಮುಂಚೆ ಬಚ್ಚಲ ಕಡೆಯಿಂದ ಪರಿಚಿತ ಗರಗರ ಕೇಳಿತು. ಹೋಗಿ ನೋಡಿದರೆ ಹಂಡೆಯ ಒಲೆಯ ಬಾಯಿಗೆ ಒಂದು ತಗಡಿನ ಕೊಳವೆ, ಕೊಳವೆಯ ಹಿಂದೆ ಕರಿ ಒಂದರ ಹಳೆಯ ಫ್ಯಾನು. ಅದರ ಕೆಂಪು ಕಪ್ಪು ವಯರು ಔಷಧಿ ಬಿಡುವ ಸ್ಪ್ರೇಯರಿನ 12 ವೋಲ್ಟ್ ಬ್ಯಾಟರಿಗೆ. ಆಟಿಯ ಹಸಿ ಸೌದೆ ಧಗಧಗ ಉರಿಯುತ್ತಿತ್ತು. ಊದುಗೊಳವೆ ಗೋಡೆಗೆ ಒರಗಿ ಕೂತಿತ್ತು.

‘ಮಸಿ ಹಿಡಿದು ದೀಪಾವಳಿವರೆಗೂ ಬಾರದು ಭಾವ’ ಎಂದೆ.

‘ಅಷ್ಟರಲ್ಲಿ ಸೌದೆ ಒಣಗ್ತದೆ. ನೀರು ಕಾದಿದೆ, ಮಿಂದೇ ಹೋಗು.’